ನೆಲದ ಮೇಲೆ ವಿಮಾನಕ್ಕೆ ಒದಗುವ ಕೇಡು

ವಿಮಾನದ ಅಪಘಾತವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆಕಾಶದಿಂದ ಉರುಳಿ ಬೀಳುವ ಯಂತ್ರದ ಚಿತ್ರ. ಬಿರುಗಾಳಿ, ಮಂಜು, ನಡುಹಾದಿಯಲ್ಲಿ ನಿಂತುಹೋದ ಎಂಜಿನು, ಇಂಥವನ್ನೇ ನಾವು ಭಯದಿಂದ ನೆನೆಯುತ್ತೇವೆ. ಚಕ್ರಗಳು ನೆಲವನ್ನು ಮುಟ್ಟಿದವೆಂದರೆ ನಮ್ಮ ಆತಂಕವೂ ಇಳಿದುಹೋಗುತ್ತದೆ. ಆದರೆ ಹಳೆಯ ಮಾದರಿಯ ಲಘು ವಿಮಾನಗಳ ವಿಷಯದಲ್ಲಿ ಈ ನೆಮ್ಮದಿ ಅಷ್ಟಾಗಿ ಸಲ್ಲದು. ಗಾಳಿಯಲ್ಲಿ ಸಾಧುಪ್ರಾಣಿಯಂತೆ ನಡೆದುಕೊಳ್ಳುವ ಈ ಯಂತ್ರಗಳು ನೆಲದ ಮೇಲೆ, ಒಂದು ತಂತಿ ತುಂಡಾದ ಮಾತ್ರಕ್ಕೆ, ಒಂದು ಸಣ್ಣ ಸ್ಪ್ರಿಂಗು ಕಳಚಿದ ಮಾತ್ರಕ್ಕೆ, ಬಳಿಯಲ್ಲಿ ನಿಂತವರ ಕೈಯನ್ನೋ ತಲೆಯನ್ನೋ ತೆಗೆದುಬಿಡಬಲ್ಲವು; ಇಲ್ಲವೆ ತಮ್ಮ ರೆಕ್ಕೆಯನ್ನು ತಾವೇ ಮುರಿದುಕೊಳ್ಳಬಲ್ಲವು. ಇದು ಹೇಗೆ ಆಗುತ್ತದೆಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಹಳೆಯ ಮಾದರಿಯ ವಿಮಾನವೆಂದರೆ ಯಾವುದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಡಿ ಹ್ಯಾವಿಲೆಂಡ್ ಕಂಪೆನಿಯವರು ಇಂಗ್ಲೆಂಡಿನಲ್ಲಿ 1931ನೆಯ ಅಕ್ಟೋಬರಿನಲ್ಲಿ ಮೊದಲು ಹಾರಿಸಿದ ‘ಟೈಗರ್ ಮಾತ್’ ಇದಕ್ಕೆ ಒಳ್ಳೆಯ ನಿದರ್ಶನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಬಟ್ಟೆ ಹೊದಿಸಿದ ಮೈ, ಒಬ್ಬರ ಹಿಂದೊಬ್ಬರು ಕೂಡುವ ಎರಡು ತೆರೆದ ಆಸನ, 130 ಅಶ್ವಶಕ್ತಿಯ ಒಂದು ಎಂಜಿನು, ಇಷ್ಟೇ ಅದರ ಐಶ್ವರ್ಯ. ತುಂಬಿದ ತೂಕ ಸುಮಾರು 1800 ಪೌಂಡು. ಇಂಥವು 8000ಕ್ಕೂ ಹೆಚ್ಚಾಗಿ ತಯಾರಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಗಂಪೇಟೆಯಲ್ಲಿಯೂ ಜೋಧಪುರದಲ್ಲಿಯೂ ನಮ್ಮ ದೇಶದ ತರುಣರು ಹಾರಲು ಕಲಿತದ್ದು ಇವುಗಳಲ್ಲಿಯೇ. ಅಮೆರಿಕದ ‘ಪೈಪರ್ ಕಬ್’ ಇದೇ ಪೀಳಿಗೆಯದು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಡಾಕ್ಟರ್ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರಚಿಸಿ 1951ರಲ್ಲಿ ಹಾರಿಸಿದ ‘ಎಚ್. ಟಿ. 2’ ಎಂಬ ತರಬೇತಿ ವಿಮಾನವು ಲೋಹದ ಮೈಯದಾದರೂ, ನಿಲ್ಲುವ ಭಂಗಿಯಲ್ಲಿ ಇದೇ ಬಳಗಕ್ಕೆ ಸೇರಿದ್ದು: ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ, ಆಕಾಶದ ಕಡೆಗೆ ಎತ್ತಿದ ಮೂತಿ.

ಈ ಯಂತ್ರಗಳ ಕಾಲ ಮುಗಿಯಿತೆಂದು ಯಾರೂ ತಿಳಿಯಬಾರದು. ಹಲವು ದೇಶಗಳಲ್ಲಿ ಹವ್ಯಾಸಿಗಳು ಇವನ್ನು ಜೋಪಾನಮಾಡಿ ಹಾರಿಸುತ್ತಿದ್ದಾರೆ. ನಮ್ಮ ವಾಯುಪಡೆಯವರು ಜೀರ್ಣೋದ್ಧಾರ ಮಾಡಿಸಿದ ಟೈಗರ್ ಮಾತ್ ಒಂದು 2012ರ ವಾಯುಪಡೆಯ ದಿನಾಚರಣೆಯಲ್ಲಿ ಹಾರಿತು. ಅಮೆರಿಕದಲ್ಲಂತೂ 1930ರ ದಶಕದ ‘ವೇಕೊ’ ಎಂಬ ಇಮ್ಮಡಿ ರೆಕ್ಕೆಯ ವಿಮಾನವನ್ನು 1980ರ ದಶಕದಲ್ಲಿ ಮತ್ತೆ ಹೊಸದಾಗಿ ಕಟ್ಟಲು ತೊಡಗಿದರು. ಹೊಸ ಉಕ್ಕು, ಹೊಸ ಬಟ್ಟೆ. ಆದರೆ ಆಕಾರ ಹಳೆಯದು. ಆಕಾರದೊಡನೆ ಅದರ ಗುಣದೋಷಗಳೂ ಬರುತ್ತವೆಂಬುದನ್ನು ಕೊಳ್ಳುವವರು ಎಲ್ಲ ವೇಳೆಯಲ್ಲಿಯೂ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ.

ಈ ವಿಮಾನಗಳನ್ನು ರಚಿಸಿದವರು ದಡ್ಡರಾಗಿರಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಒಂದೇ: ಯಾವುದಾದರೊಂದು ಭಾಗ ಕೆಟ್ಟರೆ, ಗಾಳಿಯಲ್ಲಿರುವವನು ಬದುಕಿಕೊಳ್ಳುವಂತೆ ಅದು ಯಾವ ರೀತಿಯಲ್ಲಿ ಕೆಡಬೇಕು? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಬಹಳ ಮಟ್ಟಿಗೆ ಸರಿಯಾದದ್ದೇ. ಆದರೆ ಗಾಳಿಯಲ್ಲಿ ಪ್ರಾಣವನ್ನು ಕಾಯುವ ಏರ್ಪಾಡೇ ನೆಲದ ಮೇಲೆ ವಿಪರೀತವಾಗಿ ಪರಿಣಮಿಸುತ್ತದೆ. ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ಮ್ಯಾಗ್ನೆಟೊ ಎಂಬ ಸಲಕರಣೆ. ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇವೆ.

ಪೆಟ್ರೋಲ್ ಎಂಜಿನ್ನಿನೊಳಗೆ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತ ಮಿಶ್ರಣಕ್ಕೆ ಕಿಡಿ ತಗುಲಬೇಕು. ಮೋಟಾರು ಕಾರಿನಲ್ಲಿ ಈ ಕಿಡಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಬರುತ್ತದೆ. ಬ್ಯಾಟರಿಯ ತಂತಿ ಕಡಿದುಹೋದರೆ ಕಾರು ನಿಲ್ಲುತ್ತದೆ, ಇಳಿದು ತಳ್ಳಿದರಾಯಿತು. ವಿಮಾನದಲ್ಲಿ ಹಾಗೆ ಇಳಿಯುವುದು ಸಾಧ್ಯವಿಲ್ಲವಷ್ಟೆ. ಆದುದರಿಂದ ವಿಮಾನದ ಎಂಜಿನ್ನಿಗೆ ಮ್ಯಾಗ್ನೆಟೊವನ್ನು ಅಳವಡಿಸಿದರು. ಇದರೊಳಗೆ ಒಂದು ಅಯಸ್ಕಾಂತವು ಎಂಜಿನ್ನಿನೊಡನೆಯೇ ತಿರುಗುತ್ತ ತಂತಿಯ ಸುರುಳಿಯಲ್ಲಿ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸರಿಯಾದ ಕ್ಷಣದಲ್ಲಿ ಅದರ ಬಾಯಿಯಂಥ ಎರಡು ಲೋಹದ ತುಂಡುಗಳು ತೆರೆದುಕೊಳ್ಳುತ್ತವೆ. ಕೂಡಲೇ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವುಂಟಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಹೊರಗಿನ ಯಾವ ಸಹಾಯವೂ ಬೇಕಿಲ್ಲ. ಎಂಜಿನು ತಿರುಗುತ್ತಿರುವವರೆಗೂ ಕಿಡಿಯುಂಟು. ಅದೂ ಸಾಲದೆಂದು ಪ್ರತಿಯೊಂದು ಎಂಜಿನ್ನಿಗೂ ಇಂಥ ಎರಡು ಮ್ಯಾಗ್ನೆಟೊಗಳು, ಪ್ರತಿಯೊಂದು ಸಿಲಿಂಡರಿಗೂ ಎರಡು ಪ್ಲಗ್ಗುಗಳು.

ಹಾಗಾದರೆ ಇದನ್ನು ನಿಲ್ಲಿಸುವುದು ಹೇಗೆ? ಇಲ್ಲಿಯೇ ವಿಶೇಷವಿರುವುದು. ನಮ್ಮ ಮನೆಯ ದೀಪದ ಸ್ವಿಚ್ಚನ್ನು ಆರಿಸಿದರೆ ತಂತಿಯ ಸಂಬಂಧ ಕಡಿಯುತ್ತದೆ. ಮ್ಯಾಗ್ನೆಟೊವಿನ ಸ್ವಿಚ್ಚನ್ನು ಆರಿಸಿದರೆ ಸಂಬಂಧ ಕೂಡುತ್ತದೆ! ಮ್ಯಾಗ್ನೆಟೊವಿನಿಂದ ಒಂದು ತಂತಿ ಹೊರಟು ಚಾಲಕನ ಬಳಿಯ ಸ್ವಿಚ್ಚಿಗೆ ಬಂದು, ಅಲ್ಲಿಂದ ವಿಮಾನದ ಲೋಹದ ಮೈಗೆ ಸೇರುತ್ತದೆ. ಸ್ವಿಚ್ಚನ್ನು ಆರಿಸಿದಾಗ ಮ್ಯಾಗ್ನೆಟೊವಿನಲ್ಲಿ ಹುಟ್ಟಿದ ವಿದ್ಯುತ್ತು ಈ ದಾರಿಯಲ್ಲಿ ಹರಿದು ವ್ಯರ್ಥವಾಗುತ್ತದೆ, ಕಿಡಿ ಹುಟ್ಟುವುದಿಲ್ಲ. ಈ ತಂತಿ ಎಲ್ಲಾದರೂ ಕಡಿದರೆ, ಅದರ ತಿರುಪು ಸಡಿಲವಾದರೆ, ಸ್ವಿಚ್ಚಿನೊಳಗಿನ ತಗಡು ಸವೆದುಹೋದರೆ, ಹರಿದುಹೋಗುವ ದಾರಿಯೇ ಇಲ್ಲವಾಗುತ್ತದೆ. ಆಮೇಲೆ ಸ್ವಿಚ್ಚಿನ ಗುಬುಟು ಯಾವ ಕಡೆಗೆ ಬಾಗಿದ್ದರೂ ಒಂದೇ: ಮ್ಯಾಗ್ನೆಟೊ ಸದಾ ಎಚ್ಚರವಾಗಿರುತ್ತದೆ.

ಹಾರುತ್ತಿರುವವನಿಗೆ ಇದರಿಂದ ಬಹಳ ಉಪಕಾರವಾಯಿತು. ತಂತಿ ಕಡಿದದ್ದು ಅವನಿಗೆ ತಿಳಿಯುವುದೇ ಇಲ್ಲ. ಎಂಜಿನು ಎಂದಿನಂತೆ ನಡೆಯುತ್ತದೆ. ಅವನು ಇಳಿದು, ಸ್ವಿಚ್ಚನ್ನು ಆರಿಸಿ, ಮನೆಗೆ ಹೋಗುತ್ತಾನೆ. ಎಂಜಿನ್ನು ನಿಂತದ್ದು ಪೆಟ್ರೋಲು ಮುಚ್ಚಿದ್ದರಿಂದಾಗಿದ್ದರೆ, ದೋಷದ ಸುಳಿವೂ ಉಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಇನ್ನೊಬ್ಬನು ಬಂದು ಪ್ರೊಪೆಲರಿನ ಮೇಲೆ ಕೈಯಿಡುತ್ತಾನೆ.

ಪ್ರೊಪೆಲರನ್ನು ಕೈಯಿಂದ ಮುಟ್ಟುವ ಸಂದರ್ಭಗಳಾದರೂ ಎಷ್ಟು! ಟೈಗರ್ ಮಾತಿನಂಥ ವಿಮಾನದಲ್ಲಿ ಎಂಜಿನ್ನನ್ನು ಹೊರಡಿಸುವುದೇ ಕೈಯಿಂದ. ಒಬ್ಬನು ಒಳಗೆ ಕುಳಿತು ಸ್ವಿಚ್ಚು ಥ್ರಾಟಲುಗಳನ್ನು ನೋಡಿಕೊಳ್ಳುತ್ತಾನೆ, ಇನ್ನೊಬ್ಬನು ಹೊರಗೆ ನಿಂತು ಅಲಗನ್ನು ಬಲವಾಗಿ ಕೆಳಕ್ಕೆ ಎಳೆದು ಹಿಂದೆ ಸರಿಯುತ್ತಾನೆ. ಅದಕ್ಕೆ ಮುಂಚೆ ಸ್ವಿಚ್ಚು ಆರಿಸಿದ ಸ್ಥಿತಿಯಲ್ಲಿ ಕೆಲವು ಸುತ್ತು ತಿರುಗಿಸಿ ಸಿಲಿಂಡರುಗಳಿಗೆ ಪೆಟ್ರೋಲನ್ನು ಎಳೆದುಕೊಳ್ಳುವುದುಂಟು. ಸುತ್ತಲೂ ಸಿಲಿಂಡರುಗಳುಳ್ಳ ಎಂಜಿನುಗಳಲ್ಲಿ ರಾತ್ರಿಯೆಲ್ಲ ಕೆಳಗಿನ ಸಿಲಿಂಡರಿಗೆ ಎಣ್ಣೆ ಇಳಿದು ನಿಲ್ಲುತ್ತದೆ. ಅದನ್ನು ಪತ್ತೆಹಚ್ಚುವುದಕ್ಕೂ ಪ್ರೊಪೆಲರನ್ನು ಮೆಲ್ಲಗೆ ತಿರುಗಿಸಬೇಕು. ಹ್ಯಾಂಗರಿನಲ್ಲಿ ದಾರಿಗೆ ಅಡ್ಡವಾಯಿತೆಂದು ಅಲಗನ್ನು ಪಕ್ಕಕ್ಕೆ ಸರಿಸುವವರೂ ಉಂಟು. ಇವರೆಲ್ಲರ ನಂಬಿಕೆ ಒಂದೇ, ಸ್ವಿಚ್ಚು ಆರಿದೆಯೆಂಬುದು. ಇಂಗ್ಲೀಷು ರೂಢಿಯಲ್ಲಿ ಹೊರಗಿನವನು ‘ಸ್ವಿಚ್ ಆಫ್’ ಎಂದು ಕೂಗುತ್ತಾನೆ, ಒಳಗಿನವನು ಅದನ್ನೇ ಮರುನುಡಿಯುತ್ತಾನೆ. ಎಂಜಿನ್ನನ್ನು ಹೊರಡಿಸುವಾಗ ‘ಕಾಂಟ್ಯಾಕ್ಟ್’ ಎನ್ನುತ್ತಾರೆ. ಕಾಂಟ್ಯಾಕ್ಟ್ ಎಂದರೆ ಸಂಬಂಧ ಕೂಡಿದೆಯೆಂದು ಅರ್ಥ. ನಿಜವಾಗಿ ಆಗ ತಂತಿಯ ಸಂಬಂಧ ಬಿಟ್ಟಿರುತ್ತದೆ! ಟೈಗರ್ ಮಾತಿನಲ್ಲಿ ಸ್ವಿಚ್ಚುಗಳನ್ನು ಆಸನದ ಹೊರಮೈಯಲ್ಲಿ, ಪ್ರೊಪೆಲರಿನ ಬಳಿ ನಿಂತವನ ಕಣ್ಣಿಗೆ ಕಾಣುವಂತೆ ಇಟ್ಟಿದ್ದಾರೆ. ಒಳ್ಳೆಯ ವಿವೇಕ. ಆದರೆ ಅವನಿಗೆ ಕಾಣುವುದು ಗುಬುಟು ಮಾತ್ರ. ಎಂಜಿನ್ನಿನ ಹಿಂದೆ, ಬಿಸಿಯಲ್ಲಿ, ಎಣ್ಣೆಯಲ್ಲಿ, ಸದಾ ನಡುಗುತ್ತ, ಹೊದಿಕೆಯೊಳಗೆ ಒಂದೊಂದೇ ಎಳೆಯಾಗಿ ಕಡಿಯುತ್ತಿರುವ ತಂತಿ ಕಾಣುವುದಿಲ್ಲ.

ಮೆಲ್ಲಗೆ ತಿರುಗಿಸಿದರೆ ಕಿಡಿ ಹುಟ್ಟೀತೆ ಎಂದು ಕೆಲವರು ಕೇಳಬಹುದು. ಬರಿಯ ಮ್ಯಾಗ್ನೆಟೊವಾಗಿದ್ದರೆ ಹುಟ್ಟುವುದು ಕಷ್ಟವೇ. ಕೈಯ ವೇಗ ಸಾಲದೆಂದೇ ಒಂದು ಮ್ಯಾಗ್ನೆಟೊವಿಗಾದರೂ ಒಂದು ಸ್ಪ್ರಿಂಗಿನ ಏರ್ಪಾಡನ್ನು ಜೋಡಿಸಿರುತ್ತಾರೆ. ಅಲಗು ನಿಧಾನವಾಗಿ ತಿರುಗುವಾಗ ಈ ಸ್ಪ್ರಿಂಗು ಬಿಗಿಯುತ್ತ ಹೋಗಿ, ತಕ್ಕ ಸ್ಥಳದಲ್ಲಿ ‘ಟಕ್’ ಎಂದು ಬಿಟ್ಟು, ಅಯಸ್ಕಾಂತವನ್ನು ಒಮ್ಮೆಲೆ ರಭಸದಿಂದ ತಿರುಗಿಸಿ, ತುಸು ತಡವಾಗಿಯೂ ಬಲವಾಗಿಯೂ ಕಿಡಿಯನ್ನು ಕೊಡುತ್ತದೆ. ಹೀಗೆ, ಹೊರಡಿಸುವವನಿಗೆ ಅನುಕೂಲವಾಗಲೆಂದು ಮಾಡಿದ ಉಪಾಯದಿಂದ ಒಂದು ಮಗುವಿನ ಕೈಯೂ ಎಂಜಿನ್ನನ್ನು ಎಬ್ಬಿಸಬಹುದಾಯಿತು. ಇದರ ಗಿಲಕಗಳು ಜಿಡ್ಡಿನಿಂದ ಅಂಟಿಕೊಂಡರೆ ಬೇರೊಂದು ತೊಂದರೆಯುಂಟು: ಕಿಡಿಯು ತಡವಾಗದೆ ಮೊದಲೇ ಹಾರಿ, ಪಿಸ್ಟನ್ನು ಮೇಲೇರುವ ಮುನ್ನವೇ ಸ್ಫೋಟವಾಗಿ, ಪ್ರೊಪೆಲರು ಹಿಮ್ಮುಖವಾಗಿ ಒದೆಯುತ್ತದೆ. ಅಲಗಿಗೆ ಬೆರಳುಗಳನ್ನು ಸುತ್ತಿ ಹಿಡಿಯಬಾರದು, ಅಂಗೈಯಿಂದ ಮಾತ್ರ ಎಳೆಯಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ. ಒಮ್ಮೆ ಹೊತ್ತಿಕೊಂಡ ಎಂಜಿನು ನಿಮಿಷಕ್ಕೆ 600 ಸುತ್ತಿನಂತೆ ನಿಧಾನವಾಗಿಯೇ ತಿರುಗಲಿ. ಆಗಲೂ ಎರಡು ಅಲಗಿನ ಪ್ರೊಪೆಲರು ಒಂದು ಸೆಕೆಂಡಿನಲ್ಲಿ 20 ಬಾರಿ ನಮ್ಮ ಮುಂದೆ ಹಾಯುತ್ತದೆ. ಕೈಯನ್ನು ಹಿಂದೆಗೆಯಲು ಅವಕಾಶವೆಲ್ಲಿ?

ಈ ದೋಷವನ್ನು ಕಂಡುಹಿಡಿಯುವ ಪರೀಕ್ಷೆಗಳು ಎರಡು. ಎರಡಕ್ಕೂ ಕಾಸಿನ ಖರ್ಚಿಲ್ಲ. ಹಾರುವುದಕ್ಕೆ ಮುಂಚೆ ಎಂಜಿನ್ನಿನ ವೇಗವನ್ನು ಏರಿಸಿ ಒಂದೊಂದೇ ಮ್ಯಾಗ್ನೆಟೊವನ್ನು ಆರಿಸಿ ನೋಡುತ್ತಾರೆ. ಒಂದನ್ನು ಆರಿಸಿದಾಗ ನಿಮಿಷಕ್ಕೆ ಸುಮಾರು 50ರಿಂದ 100 ಸುತ್ತು ಕಡಿಮೆಯಾಗುವುದು ಸಹಜ. ಹೆಚ್ಚು ಕಡಿಮೆಯಾದರೆ ಎಲ್ಲರೂ ಗಾಬರಿಪಡುತ್ತಾರೆ. ಏನೂ ಕಡಿಮೆಯಾಗದಿದ್ದರೆ ಎಂಜಿನು ಬಹಳ ಚೆನ್ನಾಗಿದೆಯೆಂದು ಹೊಸಬರು ಸಂತೋಷಪಡುತ್ತಾರೆ. ಗಾಬರಿಪಡಬೇಕಾದದ್ದು ಆಗಲೂ ಹೌದು. ಆರಿಸಿದ ಮ್ಯಾಗ್ನೆಟೊ ಆರಿಲ್ಲವೆಂದೇ ಅದರ ಅರ್ಥವಾಗಿರಬಹುದು. ಎರಡನೆಯ ಪರೀಕ್ಷೆ ಎಂಜಿನ್ನನ್ನು ನಿಲ್ಲಿಸುವ ಮುನ್ನ ನಡೆಯತಕ್ಕದ್ದು: ಎಂಜಿನು ಅತ್ಯಂತ ನಿಧಾನವಾಗಿ ತಿರುಗುತ್ತಿರುವಾಗ ಎರಡು ಸ್ವಿಚ್ಚುಗಳನ್ನೂ ಅರೆಕ್ಷಣ ಆರಿಸಿ ಮತ್ತೆ ಹಾಕುವುದು. ಆ ಅರೆಕ್ಷಣದಲ್ಲಿ ಎಂಜಿನು ಉಸಿರು ಕಟ್ಟಿದಂತಾಗಬೇಕು. ಆಗದಿದ್ದರೆ ಪ್ರೊಪೆಲರಿಗೆ ಎಚ್ಚರಿಕೆಯ ಫಲಕ ಕಟ್ಟಿ, ತಂತಿಯನ್ನು ಹುಡುಕತಕ್ಕದ್ದು. ಈ ಎರಡನೆಯ ಪರೀಕ್ಷೆಯನ್ನು ಬಿಡುವವರು ಹೆಚ್ಚು. ಹಾರಾಟ ಮುಗಿದಮೇಲೆ ಯಾರಿಗೆ ತಾನೆ ಮನೆಯ ಆತುರವಿರುವುದಿಲ್ಲ? ಎಂಜಿನು ಬಹಳ ಬಿಸಿಯಾಗಿದ್ದರೆ ಒಳಗಿನ ಕೆಂಡದಂಥ ಮಸಿಯೇ ಕಿಡಿಯ ಕೆಲಸವನ್ನು ಮಾಡಬಹುದೆಂಬುದನ್ನೂ ಇಲ್ಲಿ ಸೇರಿಸಬೇಕು. ಒಟ್ಟಿನಲ್ಲಿ ಸ್ವಿಚ್ಚು ಏನೇ ಹೇಳಲಿ, ಪ್ರೊಪೆಲರನ್ನು ಜೀವಂತವೆಂದೇ ಭಾವಿಸುವುದು ಪಳಗಿದ ಕೆಲಸಗಾರರ ಪದ್ಧತಿ.

ಥ್ರಾಟಲಿನ ಕತೆಯೂ ಇದರ ತಮ್ಮನಂತಿದೆ. ಕೆಲವು ಎಂಜಿನುಗಳ ಕಾರ್ಬುರೇಟರಿನಲ್ಲಿ ಒಂದು ಸ್ಪ್ರಿಂಗು ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತಿರುತ್ತದೆ. ಚಾಲಕನ ಸನ್ನೆಯಿಂದ ಬರುವ ಕಡ್ಡಿಯೋ ತಂತಿಯೋ ಕಳಚಿಕೊಂಡರೆ ಎಂಜಿನು ಗಾಳಿಯಲ್ಲಿ ಸೊರಗದೆ ಪೂರ್ತಿ ಬಲದಿಂದ ನಡೆಯಲೆಂಬ ಉದ್ದೇಶ. ಅದೇ ಕಡ್ಡಿಯ ಪಿನ್ನು ಹ್ಯಾಂಗರಿನ ಮುಂದೆ ಬಿದ್ದುಹೋದರೆ? ಕೈಯಿಂದ ಎಬ್ಬಿಸಿದ ವಿಮಾನ ಎಬ್ಬಿಸಿದವನ ಮೇಲೆಯೇ ನುಗ್ಗುತ್ತದೆ. ಸನ್ನೆಯನ್ನು ಬಿಗಿಹಿಡಿಯುವ ನಟ್ಟು ಸಡಿಲವಾದರೂ ಎಂಜಿನ್ನಿನ ನಡುಕದಿಂದ ಥ್ರಾಟಲು ತಾನಾಗಿ ಜರುಗುವುದುಂಟು. ಮೊದಲು ಬಂದ ಟೈಗರ್ ಮಾತುಗಳಿಗೆ ಬ್ರೇಕೇ ಇರಲಿಲ್ಲ. ಚಕ್ರಗಳ ಮುಂದೆ ಇಟ್ಟ ಮರದ ತಡೆಗಟ್ಟೆಗಳೇ ಗತಿ. ಆದುದರಿಂದಲೇ ಒಬ್ಬಂಟಿಯಾಗಿ ವಿಮಾನವನ್ನು ಹೊರಡಿಸಲು ಹೋಗಬಾರದು. ಹೋಗಲೇಬೇಕಾದರೆ ಬಾಲವನ್ನು ನೆಲದ ಗೂಟಕ್ಕೆ ಹಗ್ಗದಿಂದ ಕಟ್ಟಿರಬೇಕು. ಚಾಲಕನಿಲ್ಲದ ವಿಮಾನವು ತಾನೇ ಓಡಿಹೋಗಿ ಇತರ ವಿಮಾನಗಳಿಗೆ ಗುದ್ದಿದ ಪ್ರಸಂಗಗಳು ಕೇಳುವವರಿಗೆ ನಗೆ ತರಬಹುದು, ನೋಡಿದವರು ನಗುವುದಿಲ್ಲ.

ಇನ್ನು ಎಂಜಿನ್ನನ್ನು ಬಿಟ್ಟು ಕಾಲುಗಳ ಕಡೆಗೆ ಬರೋಣ. ವಿಮಾನವು ಇಳಿದು ಓಡುತ್ತಿರುವಾಗ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿ ಬುಗುರಿಯಂತೆ ಸುತ್ತುವುದಕ್ಕೆ ಇಂಗ್ಲೀಷಿನಲ್ಲಿ ‘ಗ್ರೌಂಡ್ ಲೂಪ್’ ಎನ್ನುತ್ತಾರೆ. ನಾವು ನೆಲಸುತ್ತು ಎನ್ನಬಹುದು. ಇದರ ಮೂಲಕಾರಣವನ್ನು ಒಂದು ಬಾಣದಿಂದ ವಿವರಿಸಬಹುದು. ಬಾಣದ ಭಾರವೆಲ್ಲ ಮುಂದೆ, ಗರಿ ಹಿಂದೆ. ಆದ್ದರಿಂದ ಅದು ನೇರವಾಗಿ ಹೋಗುತ್ತದೆ. ಅದೇ ಬಾಣವನ್ನು ಗರಿ ಮುಂದಾಗಿ ಎಸೆದರೆ ಕೂಡಲೇ ತಿರುಗಿಕೊಳ್ಳುತ್ತದೆ. ವಿಮಾನ ಓಡುವಾಗ ನೆಲವನ್ನು ಬಲವಾಗಿ ಹಿಡಿಯುವ ದೊಡ್ಡ ಚಕ್ರಗಳೇ ಅದರ ಗರಿ. ಮೂತಿಯ ಕೆಳಗೆ ಚಕ್ರವಿರುವ ಈಚಿನ ವಿಮಾನಗಳಲ್ಲಿ ಭಾರದ ಕೇಂದ್ರವು ದೊಡ್ಡ ಚಕ್ರಗಳಿಗಿಂತ ಮುಂದಿದೆ. ಹಳೆಯ ಮಾದರಿಯಲ್ಲಿ ಅದು ಹಿಂದಿದೆ. ಇವು ಗರಿ ಮುಂದಾಗಿ ಎಸೆದ ಬಾಣಗಳು. ತುಸು ಓರೆಯಾದರೆ ಓರೆ ತಾನಾಗಿ ಹೆಚ್ಚುತ್ತದೆ. ಚಾಲಕನ ಕಾಲು ಎಡೆಬಿಡದೆ ಚುಕ್ಕಾಣಿಯನ್ನು ತುಳಿದು ತಿದ್ದುತ್ತಿರಬೇಕು. ಇಂಥ ರಚನೆಯನ್ನು ಏಕೆ ಮಾಡಿದರೆಂದರೆ, ಹಗುರವಾದದ್ದು, ಹುಲ್ಲುಗಾವಲಿನ ಉಬ್ಬುತಗ್ಗುಗಳಿಗೆ ಒಗ್ಗುವಂಥದ್ದು, ಪ್ರೊಪೆಲರು ನೆಲಕ್ಕೆ ತಗುಲದಂತೆ ಎತ್ತರದಲ್ಲಿರುವಂಥದ್ದು. ಇಲ್ಲಿಯೂ ಹಾರಾಟದ ಅನುಕೂಲಕ್ಕೆ ನೆಲದ ಮೇಲೆ ಬೆಲೆ ತೆತ್ತಂತಾಯಿತು.

ಟೈಗರ್ ಮಾತ್ ಗಂಟೆಗೆ 40 ಮೈಲಿಯ ಆಸುಪಾಸಿನಲ್ಲಿ ಇಳಿಯುತ್ತದೆ. ಆ ವೇಗದಲ್ಲಿ ಚುಕ್ಕಾಣಿಗೆ ಗಾಳಿಯ ಬಲ ಚೆನ್ನಾಗಿ ದೊರೆಯುತ್ತದೆ. ವೇಗ ಅರ್ಧವಾದರೆ ಆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಆಗ ವಿಮಾನವನ್ನು ನೇರವಾಗಿ ನಡೆಸುವ ಹೊಣೆ ಬಾಲದ ಪುಟ್ಟ ಚಕ್ರದ ಮೇಲೆ ಬೀಳುತ್ತದೆ. ಅಪಾಯ ಮುಗಿಯಿತೆಂದು ತೋರುವ ಈ ಗಳಿಗೆಯಲ್ಲಿಯೇ ಸಣ್ಣಪುಟ್ಟ ದೋಷಗಳು ತಲೆದೋರುವುದು. ಚುಕ್ಕಾಣಿಗೂ ಬಾಲಚಕ್ರಕ್ಕೂ ನಡುವೆ ಎಡಬಲಗಳಲ್ಲಿ ಒಂದೊಂದು ಸ್ಪ್ರಿಂಗು ಇರುತ್ತದೆ; ಒಂದು ಕಳಚಿದರೆ ಇನ್ನೊಂದು ಚಕ್ರವನ್ನು ತನ್ನ ಕಡೆಗೇ ಎಳೆಯುತ್ತದೆ. ಇಕ್ಕಟ್ಟಿನ ಸ್ಥಳದಲ್ಲಿ ಪೂರ್ತಿ ತಿರುಗಲೆಂದು ಚಕ್ರವನ್ನು ಹಿಡಿತದಿಂದ ಬಿಡಿಸುವ ಒಂದು ಗಿಲಕವುಂಟು. ಅದು ಸವೆದಿದ್ದರೆ ಓಟದ ನಡುವೆಯೇ ಹಿಡಿತ ಬಿಟ್ಟುಕೊಡುತ್ತದೆ. ಚಕ್ರವನ್ನು ಹೊತ್ತ ಪಟ್ಟಿಸ್ಪ್ರಿಂಗು ಜಗ್ಗಿದರೆ ಚಕ್ರದ ಕೀಲಿನ ಓರೆ ಬದಲಾಗಿ, ಚಕ್ರವು ತಲೆಕೊಡವುವಂತೆ ಅತ್ತಿತ್ತ ಅದುರುತ್ತದೆ. ಇದರಿಂದ ಬೋಲ್ಟುಗಳು ಬಿರಿಯುತ್ತವೆ. ಟೈಗರ್ ಮಾತಿಗೆ ಮೊದಲು ಚಕ್ರದ ಬದಲು ನೆಲವನ್ನು ಉಜ್ಜುವ ಒಂದು ಲೋಹದ ಪಾದವಿತ್ತು. ಹುಲ್ಲಿನ ಮೇಲೆ ಅದೇ ಬ್ರೇಕು, ಅದೇ ಲಂಗರು. ಡಾಮರಿನ ಹಾದಿಯ ಮೇಲೆ ಅದು ಜಾರುತ್ತದೆ. ಹುಲ್ಲುಗಾವಲಿಗಾಗಿ ಹುಟ್ಟಿದ ಯಂತ್ರವನ್ನು ಡಾಮರಿಗೆ ತಂದವರು ನಾವು. ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಕೆನಡಾ ದೇಶದಲ್ಲಿ ತಯಾರಾದ ಟೈಗರ್ ಮಾತುಗಳಿಗೆ ಬಾಲಚಕ್ರವನ್ನೂ ಬ್ರೇಕುಗಳನ್ನೂ ಕೊಟ್ಟರು.

ಬ್ರೇಕು ಬಂದದ್ದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಎರಡು ಚಕ್ರಗಳ ಬ್ರೇಕು ಸಮವಾಗಿ ಹಿಡಿಯಬೇಕು. ಒಂದಕ್ಕೆ ಗ್ರೀಸು ಸೋರಿದ್ದರೆ, ಇನ್ನೊಂದರ ತಂತಿ ಜಗ್ಗಿದ್ದರೆ, ಚಾಲಕನು ಎರಡನ್ನೂ ಒಂದೇ ಸಮನೆ ಒತ್ತಿದರೂ ವಿಮಾನ ಒಂದು ಕಡೆಗೇ ತಿರುಗುತ್ತದೆ. ಎರಡೂ ಗಟ್ಟಿಯಾಗಿ ಕಚ್ಚಿಕೊಂಡರೆ ಬಾಲ ಮೇಲೆದ್ದು ಮೂತಿ ನೆಲಕ್ಕೆ ಬಡಿಯುತ್ತದೆ.

ರಬ್ಬರಿನ ವಿಷಯವನ್ನು ಹೇಳದೆ ಬಿಡಲಾಗದು. ಪೈಪರ್ ಕಬ್ಬಿನ ಕಾಲುಗಳಲ್ಲಿ ಆಘಾತವನ್ನು ತಡೆದುಕೊಳ್ಳುವುದು ಹತ್ತಿಯ ಹೊದಿಕೆಯುಳ್ಳ ರಬ್ಬರು ಹುರಿಯ ಸುರುಳಿ. ಎಂಜಿನ್ನಿಗೆ ವಯಸ್ಸಾಗುವುದು ನಡೆದ ಗಂಟೆಗಳಿಂದ. ರಬ್ಬರಿಗೆ ವಯಸ್ಸಾಗುವುದು ಕ್ಯಾಲೆಂಡರಿನಿಂದ. ವರ್ಷಕ್ಕೆ ಹತ್ತು ಗಂಟೆ ಮಾತ್ರ ಹಾರುವ ಅಚ್ಚುಮೆಚ್ಚಿನ ವಿಮಾನದಲ್ಲಿ ಈ ಹುರಿ ಕೊಟ್ಟಿಗೆಯಲ್ಲಿ ನಿಂತಲ್ಲಿಯೇ ಮುದಿಯಾಗುತ್ತದೆ. ಅದು ಕಡಿದರೆ ಆ ಕಡೆಯ ಕಾಲು ಹೊರಕ್ಕೆ ಚಾಚಿ ರೆಕ್ಕೆ ನೆಲಕ್ಕೆ ಒರಗುತ್ತದೆ. ಹುರಿಯೊಡನೆ ಒಂದು ಉಕ್ಕಿನ ಹಗ್ಗವನ್ನೂ ಕಾವಲಿಗೆ ಕಟ್ಟಿಕೊಳ್ಳುವ ಜಾಣರುಂಟು.

ಇಂಥ ಅಪಘಾತದ ತರುವಾಯ ವರದಿಯಲ್ಲಿ ಬರೆಯುವ ವಾಕ್ಯ ಸಾಮಾನ್ಯವಾಗಿ ಒಂದೇ: ಚಾಲಕನು ವಿಮಾನದ ದಿಕ್ಕನ್ನು ಹಿಡಿತದಲ್ಲಿಟ್ಟುಕೊಳ್ಳಲಾರದೆ ಹೋದನು. ಅದು ಸುಳ್ಳಲ್ಲ. ಆದರೆ ನೆಲಸುತ್ತಿನಲ್ಲಿ ಬಾಲಚಕ್ರದ ಸ್ಪ್ರಿಂಗು ಮುರಿದಿದ್ದರೆ, ಅದು ಮೊದಲು ಮುರಿದು ಸುತ್ತನ್ನು ತಂದಿತೋ, ಸುತ್ತಿನ ಹೊಡೆತದಿಂದ ಮುರಿಯಿತೋ ಎಂಬುದು ದೊಡ್ಡ ಪ್ರಶ್ನೆ. ಹಳೆಯ ಬಿರುಕಾದರೆ ಅದರ ಮುಖದಲ್ಲಿ ಕಪ್ಪೋ ತುಕ್ಕೋ ಇರುತ್ತದೆ. ಆಗತಾನೆ ಮುರಿದ ಉಕ್ಕು ಹೊಳೆಯುತ್ತದೆ. ಹಾದಿಯನ್ನು ತೆರವುಮಾಡುವ ಆತುರದಲ್ಲಿ ಬಾಲವನ್ನು ಎತ್ತಿ ಗಾಡಿಗೆ ಹಾಕಿ ಎಳೆದೊಯ್ದರೆ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಯಾರಿಗೂ ಗಾಯವಾಗಿಲ್ಲವೆಂದು ಕಂಡಕೂಡಲೇ, ವಿಮಾನವನ್ನು ಕದಲಿಸುವ ಮುನ್ನ, ಬಾಲಚಕ್ರದ ಸ್ಪ್ರಿಂಗುಗಳನ್ನೂ ಬ್ರೇಕಿನ ತಂತಿಗಳನ್ನೂ ನೋಡಿ ಬರೆದಿಟ್ಟುಕೊಳ್ಳಬೇಕು. ನೆಲದ ಮೇಲೆ ಚಕ್ರಗಳು ಎಳೆದ ಗೆರೆಗಳ ಚಿತ್ರ ತೆಗೆಯಬೇಕು. ಪ್ರೊಪೆಲರು ನೆಲಕ್ಕೆ ತಗುಲಿದ್ದರೆ ಅದನ್ನು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮರದ ಪ್ರೊಪೆಲರು ತಾನು ಚೂರಾಗಿ ಎಂಜಿನ್ನನ್ನು ಬಹುಮಟ್ಟಿಗೆ ಉಳಿಸುತ್ತದೆ. ಲೋಹದ್ದು ಬಾಗಿ, ಹೊಡೆತವನ್ನು ಒಳಗಿನ ಕ್ರ್ಯಾಂಕ್ ಷಾಫ್ಟಿಗೆ ಮುಟ್ಟಿಸುತ್ತದೆ. ಆ ಷಾಫ್ಟನ್ನು ಬಿಚ್ಚಿ ಬಿರುಕಿಗಾಗಿ ಪರೀಕ್ಷಿಸುವವರೆಗೆ ವಿಮಾನವು ಹ್ಯಾಂಗರಿನಿಂದ ಹೊರಕ್ಕೆ ಬರಕೂಡದು.